ಭಾರಕ್ಕೆ ಕೂರುವವಳು

ಕಾರು ಜಾಕಿನಿಂದ ಇಳಿದ ಸದ್ದು ಕೇಳಿದರೆ ಸಾಕು, ಫೆಡೆರೆಸಿ ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟು ಕೈ ಒರೆಸಿಕೊಳ್ಳಲು ಶುರುಮಾಡುತ್ತಿದ್ದಳು. ಕೂಗು ಆಮೇಲೆ ಬರುತ್ತಿತ್ತು.

"ಮಾಮಾ ಕಿರಾಬೊ! ಭಾರ!"

ಅವಳ ಮಗಳ ಹೆಸರು ಕಿರಾಬೊ. ಹಾಗಾಗಿ ಕಂಪಾಲದ ನ್ದೇಬಾದ ಆ ಓಣಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಮಾಮಾ ಕಿರಾಬೊ, ಅಂದರೆ ಕಿರಾಬೊಳ ಅಮ್ಮ. ಕೂಗುತ್ತಿದ್ದವನು ಗ್ಯಾರೇಜಿನ ಯಜಮಾನ ಮುತ್ಯಾಬ. ಕೂಗು ಬರುತ್ತಿದ್ದುದು ನೆಲದ ಕೆಳಗಿನಿಂದ, ಯಾಕೆಂದರೆ ಅವನು ಆಗಲೇ ಗುಂಡಿಗೆ ಇಳಿದು, ತಲೆಯ ಮೇಲೆ ಕಾರನ್ನು ಹೊತ್ತವನ ಹಾಗೆ ನಿಂತಿರುತ್ತಿದ್ದ.

ಗ್ಯಾರೇಜಿನಲ್ಲಿ ಫೆಡೆರೆಸಿಗೆ ಎರಡು ಕೆಲಸ. ಮುಂದಿನ ತಗಡಿನ ಸೂರಿನ ಕೆಳಗೆ ಒಲೆ ಹೂಡಿ ಬಾಳೆಕಾಯಿ, ಕರುಳು, ಬೀನ್ಸು ಎಲ್ಲ ಒಟ್ಟಿಗೆ ಬೇಯಿಸಿದ ಕಟೋಗೊ ಮಾರುವುದು ಒಂದು. ಕರೆದಾಗ ಹೋಗಿ ಕಾರಿನಲ್ಲಿ ಕೂರುವುದು ಇನ್ನೊಂದು. ಮೊದಲನೆಯದಕ್ಕೆ ಜಾಗ ಸಿಕ್ಕಿದ್ದೇ ಎರಡನೆಯದರಿಂದ.

ಆ ಊರಿನ ರಸ್ತೆಗಳು ಕಾರಿನ ಬುಷ್‌ಗಳನ್ನು ಹುರಿದ ಕಡಲೆಕಾಯಿಯ ಹಾಗೆ ತಿಂದುಬಿಡುತ್ತವೆ. ಚಕ್ರ ಹಿಡಿದ ಕಬ್ಬಿಣದ ತೋಳಿಗೂ ಕಾರಿನ ಮೈಗೂ ನಡುವೆ ಇರುವ ಮುಷ್ಟಿಗಾತ್ರದ ರಬ್ಬರು ಅದು. ಸವೆದರೆ ಕಾರು ಹೊಂಡಹೊಂಡಕ್ಕೂ ಟಕ್ ಟಕ್ ಅನ್ನುತ್ತದೆ, ಬ್ರೇಕ್ ಹಾಕಿದರೆ ಒಂದು ಪಕ್ಕಕ್ಕೆ ಎಳೆಯುತ್ತದೆ. ಹಳೆಯದನ್ನು ಒತ್ತಿ ತೆಗೆದು ಹೊಸದನ್ನು ಒತ್ತಿ ಕೂರಿಸುವುದು ಓಣಿಯಲ್ಲಿ ಎಲ್ಲರಿಗೂ ಬರುತ್ತಿತ್ತು. ಮುತ್ಯಾಬನ ಹಟ ಇದ್ದುದು ಕಡೆಯ ಬೋಲ್ಟಿನಲ್ಲಿ. ಬೇರೆಯವರು ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬಿಗಿದು ಕೈ ತೊಳೆದುಕೊಳ್ಳುತ್ತಿದ್ದರು. ಆಗ ರಬ್ಬರು ಆ ನೇತಾಡುವ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಕಾರು ನೆಲಕ್ಕೆ ಬಂದೊಡನೆ ತಿರುಚಿಕೊಂಡು, ಹಗಲೂ ಇರುಳೂ ತಿರುಚಿಕೊಂಡೇ ಇದ್ದು, ಬೇಗ ಹರಿಯುತ್ತದೆ. ಮುತ್ಯಾಬ ಕಾರನ್ನು ಇಳಿಸಿ, ಒಳಗೆ ಜನರನ್ನು ಕೂರಿಸಿ, ಕುಲುಕಿಸಿ, ಅದು ತನ್ನ ಮಟ್ಟಕ್ಕೆ ಬಂದು ಕೂತ ಮೇಲಷ್ಟೇ ಕೆಳಗಿನಿಂದ ಬಿಗಿಯುತ್ತಿದ್ದ.

"ಟ್ಯಾಕ್ಸಿ ಬದುಕೋದು ಜನ ತುಂಬ್ಕೊಂಡು. ಖಾಲಿ ಕಾರಿಗೆ ಬೋಲ್ಟ್ ಬಿಗಿಯೋದು ಅಂದ್ರೆ, ಮಲಗಿರೋ ಮಗೂನ ನೋಡಿ ನಡೆಯೋ ಮಗೂಗೆ ಬಟ್ಟೆ ಹೊಲ್ದಂಗೆ," ಅನ್ನುತ್ತಿದ್ದ.

ಫೆಡೆರೆಸಿ ಆ ಓಣಿಗೆ ಬಂದಾಗ ಕಿರಾಬೊ ಇನ್ನೂ ಎದೆಹಾಲಿನ ಕೂಸು. ಗಂಡ ಮರದ ಅಡ್ಡೆಯಲ್ಲಿ ಹಲಗೆ ಹೊರುತ್ತಿದ್ದವನು, ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲಕ್ಕೆ ಕರಗಿ ಕರಗಿ ಹೋಗಿದ್ದ. ಏನು ಕಾಯಿಲೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಆ ಕಾಯಿಲೆಗೆ ಜನ ಇಟ್ಟಿದ್ದ ಹೆಸರೇ 'ಸಣ್ಣಗಾಗೋದು'. ಅವಳನ್ನೂ ಮಗುವನ್ನೂ ಪರೀಕ್ಷೆ ಮಾಡಿ ಏನೂ ಇಲ್ಲ ಎಂದಿದ್ದರು. ಆದರೂ ಅವಳು ಎಷ್ಟೋ ದಿನ ಮಗುವಿನ ಮೈ ಮುಟ್ಟಿ ಮುಟ್ಟಿ ನೋಡುತ್ತಿದ್ದಳು: ಬಿಸಿಯಾ, ತಣ್ಣಗಾ, ನಿನ್ನೆಗಿಂತ ಹಗುರ ಆಯಿತಾ? ಒಮ್ಮೆ ಹೆದರಿದ ಕೈಗೆ ಎಲ್ಲ ಮಗುವೂ ಹಗುರವೇ.

ಹೆತ್ತ ಮೈ, ಆಗ ಅವಳು ಬಾಗಿಲು ತುಂಬುವಷ್ಟು ಇದ್ದಳು. ತಲೆಯ ಮೇಲೆ ಬಾಳೆಕಾಯಿ ಗೊನೆ, ಬೆನ್ನಿಗೆ ಕಟ್ಟಿದ ಮಗು. ಗ್ಯಾರೇಜಿನ ಮುಂದೆ ಹಾದುಹೋಗುವಾಗ ಮುತ್ಯಾಬ ಗುಂಡಿಯಿಂದ ತಲೆ ಹೊರಗೆ ಹಾಕಿ ಕರೆದ:

"ನ್ಯಾಬೊ! ಒಳ್ಳೆ ಮೈ ಇದೆ ನಿಂಗೆ, ದೇವರು ಚೆನ್ನಾಗಿಟ್ಟಿದ್ದಾನೆ. ಒಂಚೂರು ಈ ಕಾರಲ್ಲಿ ಕೂತ್ಕೋತೀಯಾ?"

ಹೆಂಗಸನ್ನು ಗೌರವದಿಂದ ಕರೆಯಲು ಅಲ್ಲಿ ನ್ಯಾಬೊ, ಗಂಡಸಿಗೆ ಸೆಬೊ; ದಪ್ಪ ಇದ್ದೀಯ ಅನ್ನುವುದು ಹೊಗಳಿಕೆ. ಅವಳು ಕೂತಳು. ಕಾರು ಉಸ್ಸೆಂದು ಇಳಿಯಿತು. "ಕುಲುಕು!" ಎಂದ. ಕುಲುಕಿದಳು. ಮಗು ಕಿಲಕಿಲ ನಕ್ಕಿತು. ಗಂಡ ಸತ್ತ ಮೇಲೆ ಮಗು ನಕ್ಕಿದ್ದು ಕೇಳಿಸಿದ್ದು ಅವಳಿಗೆ ಅದೇ ಮೊದಲು. ಕೆಲಸ ಮುಗಿಸಿ ಮೇಲೆ ಬಂದ ಮುತ್ಯಾಬ ಟೈರಿನ ನೆತ್ತಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ ನೋಡಿ, "ಆಹಾ, ಅಳತೆಗೆ ಮಾಡ್ಸಿದಂಗಿದೆ! ನೀನು ಇಲ್ಲೇ ಸೂರಿನ ಕೆಳಗೆ ಒಲೆ ಹಾಕ್ಕೊಂಡ್ರೆ ನಂಗೂ ಅನುಕೂಲ," ಎಂದ.

ಹಾಗೆ ಕಿರಾಬೊ ಹಳೆಯ ಟೈರಿನೊಳಗೆ ಹಾಸಿದ ಬಟ್ಟೆಯ ಮೇಲೆ ಮಲಗಿ ಬೆಳೆದಳು, ಶಾಲೆಗೆ ಹೋದಳು, ಕೂದಲು ಹೆಣೆಯುವ ಅಂಗಡಿ ಸೇರಿದಳು, ಮದುವೆಯಾಗಿ ಗುಡ್ಡದ ಆಚೆಗೆ ಹೋದಳು. ಫೆಡೆರೆಸಿ ಕಟೋಗೊ ಬೇಯಿಸುತ್ತ, ಕರೆದಾಗ ಕೂರುತ್ತ ಇದ್ದಳು. ಅವನು ಕೆಳಗೆ, ಇವಳು ಮೇಲೆ, ನಡುವೆ ಕಾರಿನ ತಳ. ಅವರಿಬ್ಬರ ಮಾತೆಲ್ಲ ಹಾಗೆಯೇ ನಡೆದಿದ್ದು. ಎದುರಿಗೆ ಕೂತರೆ ಊಟ, ಹವಾ, ಅಷ್ಟೇ. ಅವನ ಹೆಂಡತಿ ತೀರಿಹೋದದ್ದಕ್ಕೆ ಅವನು ಅತ್ತದ್ದು ಒಂದು ವ್ಯಾನಿನ ಕೆಳಗೆ. ಕಿರಾಬೊಗೆ ಗಂಡು ಬಂದ ಸುದ್ದಿ ಇವಳು ಮೊದಲು ಹೇಳಿದ್ದು ಯಾರದೋ ಕಾರಿನ ಹಿಂದಿನ ಸೀಟಿನಿಂದ. ವರ್ಷ ಕಳೆದಂತೆ ಮುತ್ಯಾಬ ಬೆರಳಿಟ್ಟು ಅಳೆಯುವುದನ್ನೂ ಬಿಟ್ಟಿದ್ದ. "ಕುಲುಕಿದ್ಯಾ?" ಎನ್ನುತ್ತಿದ್ದ ಕೆಳಗಿನಿಂದ. "ಕುಲುಕ್ದೆ," ಎನ್ನುತ್ತಿದ್ದಳು ಮೇಲಿನಿಂದ. ಬೋಲ್ಟು ಬಿಗಿಯುವ ಪಾನಾ ತಿರುಗುತ್ತಿತ್ತು.

ಈಗ ಅವಳಿಗೆ ಸುಸ್ತು. ಬೆಳಿಗ್ಗೆ ಎದ್ದಾಗಲೇ ಸಂಜೆಯ ಸುಸ್ತು. ತಿಂದರೂ ಹಸಿವು, ಹಳದಿ ಕ್ಯಾನಿನ ನೀರು ಮಧ್ಯಾಹ್ನಕ್ಕೇ ಖಾಲಿ. ಗುಟುಕು ಶಕ್ತಿ ಬರಲಿ ಅಂತ ಸಕ್ಕರೆ ಸುರಿದ ಹಾಲಿನ ಚಹಾ ಕುಡಿದಳು, ಇನ್ನಷ್ಟು ಬಾಯಾರಿತು. ಮೈ ಇಳಿಯತೊಡಗಿತು. ಮೊದಲು ಬಳೆ ಸಡಿಲವಾಯಿತು, ಆಮೇಲೆ ರವಿಕೆಯ ತೋಳು, ಆಮೇಲೆ ಕೆನ್ನೆ.

ಅವಳಿಗೆ ತನ್ನ ಗಂಡನ ಕೆನ್ನೆ ನೆನಪಾಯಿತು. ಈಗ ಆ ಕಾಯಿಲೆಗೆ ಮಾತ್ರೆ ಇದೆ, ನುಂಗಿಕೊಂಡು ಜನ ಮೊಮ್ಮಕ್ಕಳ ಮದುವೆ ಮಾಡುತ್ತಿದ್ದಾರೆ ಅನ್ನುವುದು ಗೊತ್ತಿಲ್ಲದವಳಲ್ಲ. ಆದರೆ ತಟ್ಟೆ ಹಿಡಿದು ನಿಂತ ಗಿರಾಕಿ ಅಷ್ಟೆಲ್ಲ ಯೋಚಿಸುವುದಿಲ್ಲ. ಬಡಿಸುವವಳು ಬಡಕಲಾದಳೋ, ಪಕ್ಕದ ಒಲೆಗೆ ಹೋಗುತ್ತಾನೆ. ಊಟಕ್ಕೆ ಯಾರೂ ಬಾರದ ಒಲೆಗೆ, ಕೂತರೂ ಕಾರು ಇಳಿಯದ ಭಾರಕ್ಕೆ, ಸೂರಿನ ಕೆಳಗೆ ಯಾರು ಜಾಗ ಕೊಡುತ್ತಾರೆ?

ಹಬ್ಬಕ್ಕೆ, ಮದುವೆಗೆ ಉಡುವ ಗೊಮೆಸಿ ತೆಗೆದಳು. ಭುಜದ ಮೇಲೆ ಮೊನಚಾಗಿ ಎದ್ದು ನಿಲ್ಲುವ ತೋಳು, ಸೊಂಟಕ್ಕೆ ಅಗಲ ಪಟ್ಟಿ, ಕಾಲ್ಬೆರಳು ಮುಚ್ಚುವಷ್ಟು ಉದ್ದದ ನಿಲುವಂಗಿ. ಸೊಂಟ ತುಂಬಿ ಕಾಣಲೆಂದು ಹೆಂಗಸರು ಅದರ ಕೆಳಗೆ ದಪ್ಪನೆಯ ಕಿಕೋಯಿ ಬಟ್ಟೆ ಸುತ್ತಿಕೊಳ್ಳುವುದು ವಾಡಿಕೆ. ಫೆಡೆರೆಸಿ ಮೊದಲು ಒಂದು ಸುತ್ತಿಕೊಂಡಳು. ತಿಂಗಳು ಕಳೆಯುವಷ್ಟರಲ್ಲಿ ಅದರ ಮೇಲೊಂದು, ಮತ್ತೊಂದು. ಒಲೆಯ ಮುಂದೆ ಬೆವರಿ ನೀರಾದಳು.

"ಏನ್ ಮಾಮಾ, ದಿನಾ ಗೊಮೆಸಿ! ಯಾರ ಮನೇಲಿ ಹೆಣ್ಣು ನೋಡೋ ಶಾಸ್ತ್ರ?" ಎಂದು ಟ್ಯಾಕ್ಸಿ ಓಡಿಸುವ ಸೆರುಂಜೋಗಿ ರೇಗಿಸಿದ. ಬಾಯಿ ಅವನದು ದೊಡ್ಡದು, ಕಟೋಗೊ ತಟ್ಟೆಯೂ ಅಷ್ಟೇ ದೊಡ್ಡದು.

"ನನ್ನದೇ ಕಣೋ. ಗಂಡು ಸಿಕ್ಕಿದ್ದಾನೆ. ನಿನ್ನಷ್ಟು ತಿನ್ನಲ್ಲ, ಅದೇ ಸಮಾಧಾನ."

ಎಲ್ಲರೂ ನಕ್ಕರು. ಮುತ್ಯಾಬನೂ ನಕ್ಕ. ಕಿರಾಬೊ ಒಮ್ಮೆ ಬಂದವಳು ಮಾತ್ರ ನಗಲಿಲ್ಲ. "ಅಮ್ಮಾ, ಮುಖ ಯಾಕೆ ಹೀಗಾಗಿದೆ? ಡಾಕ್ಟರಿಗೆ ತೋರಿಸೋಣ ಬಾ," ಎಂದಳು. "ಹೊಗೆ ಕಣೇ. ನಿನ್ನ ಮಗೂಗೆ ಶೀತ ಆಗಿದೆ, ಮೊದಲು ಟೋಪಿ ಹಾಕು," ಎಂದು ಫೆಡೆರೆಸಿ ಮಾತು ತಿರುಗಿಸಿದಳು. ಮಗುವಿನ ಹೆಸರೆತ್ತಿದರೆ ಯಾವ ತಾಯಿಯಾದರೂ ಬೇರೆಲ್ಲ ಮರೆಯುತ್ತಾಳೆ ಎಂದು ಅವಳಿಗೆ ಗೊತ್ತಿತ್ತು.

ಸೆರುಂಜೋಗಿಯ ಕಾರಿಗೆ ಹಿಂದಿನ ತೋಳುಗಳ ಬುಷ್ ಹಾಕಿದ ದಿನ ಬಿಸಿಲು ಜೋರಿತ್ತು. ಭಾರ ಎಂದು ಕೂಗಿದಾಗ ಅವಳು ಹೋದಳು, ಹಿಂದಿನ ಸೀಟಿನಲ್ಲಿ ಕೂತಳು. ಕೂತೊಡನೆ ಕಣ್ಣು ಕತ್ತಲಿಟ್ಟಿತು. ಮುಂದಿನ ಸೀಟಿನ ಬೆನ್ನು ಹಿಡಿದು, ಹಣೆ ಅದಕ್ಕೆ ಆನಿಸಿ ಕೂತಳು. ಕುಲುಕುವುದು ಇರಲಿ, ತಲೆ ಎತ್ತುವುದೂ ಆಗದು.

"ಕುಲುಕಿದ್ಯಾ?"

"ಕುಲುಕ್ದೆ," ಎಂದಳು ಅವಳು.

ಪಾನಾ ತಿರುಗಿತು. ಜಾಕಿನಿಂದ ಇಳಿದ ಕಾರು ಕುಲುಕದೆ ಕೆಳಗೆ ಕೂರುವುದಿಲ್ಲ, ಬೆದರಿದ ಬೆಕ್ಕಿನ ಹಾಗೆ ಬೆನ್ನೆತ್ತಿಕೊಂಡೇ ನಿಂತಿರುತ್ತದೆ. ಹಾಗೆ ನಿಂತಿದ್ದ ಕಾರಿಗೆ ಮುತ್ಯಾಬ ತನ್ನ ಬಲವೆಲ್ಲ ಹಾಕಿ ಬೋಲ್ಟು ಬಿಗಿದ.

ಆ ಮಳೆಗಾಲ ಮುಗಿಯುವ ಮೊದಲೇ ಸೆರುಂಜೋಗಿ ಬಂದ. ಅವನಿಗಿಂತ ಮುಂಚೆ ಕಾರಿನ ಟಕ್ ಟಕ್ ಬಂತು.

"ಏನ್ ಸೆಬೊ, ಬುಷ್ ಹಾಕಿದ್ರಾ, ಬಿಸ್ಕತ್ ಹಾಕಿದ್ರಾ? ಹಿಂದೆ ಕೂತ ಹೆಂಗಸು ನಿನ್ನ ಕಾರಲ್ಲಿ ಯಾರೋ ಬಾಗಿಲು ತಟ್ತಾ ಇದ್ದಾರೆ ನೋಡಪ್ಪಾ ಅಂತಾಳೆ!"

"ಮೆಲ್ಲಗೆ ಮಾತಾಡು."

"ಯಾಕ್ ಮೆಲ್ಲಗೆ? ಕಾರು ಜೋರಾಗೇ ಮಾತಾಡ್ತಿದೆಯಲ್ಲ! ಡುಪ್ಲಿಕೇಟ್ ಮಾಲು, ಇನ್ನೇನು. ನಿಮ್ಮನ್ನ ನಂಬಿದ್ದೆ ನಾನು."

ಮುತ್ಯಾಬ ಚಕ್ರದ ತೋಳು ಬಿಚ್ಚಿದ. ಬುಷ್ ಹೊರಗೆ ತೆಗೆದು, ಬಿಸಿಲಿಗೆ ಹಿಡಿದು, ಬಹಳ ಹೊತ್ತು ನೋಡಿದ. ರಬ್ಬರು ಸವೆದಿರಲಿಲ್ಲ. ಬಟ್ಟೆ ಹಿಂಡಿದಾಗ ಏಳುವ ಸುರುಳಿಯಂತೆ ಓರೆಯಾಗಿ ಹರಿದಿತ್ತು. ಅಂಥ ಹರಿದ ರಬ್ಬರನ್ನು ಅವನು ಬೇರೆಯವರ ಕೆಲಸದಲ್ಲಿ ಎಷ್ಟೋ ಸಲ ನೋಡಿ ನಕ್ಕಿದ್ದ.

"ಡುಪ್ಲಿಕೇಟ್ ಅಲ್ಲ," ಎಂದ. "ಎತ್ತರದಲ್ಲಿ ಬಿಗಿದಿದ್ದು. ನಾನೇ ಬಿಗಿದಿದ್ದು. ಹೊಸದು ಹಾಕ್ಕೊಡ್ತೀನಿ, ಬಿಡು."

ಸೆರುಂಜೋಗಿ ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿದ. ಅವನು ಕಾದಿದ್ದುದು ಜಗಳಕ್ಕೆ. ಮುದುಕ ತಲೆ ತಗ್ಗಿಸಿಬಿಟ್ಟರೆ ಯಾರ ಜೊತೆ ಜಗಳ ಆಡುವುದು?

ಮುತ್ಯಾಬ ಒಲೆಯ ಹತ್ತಿರದ ಬೆಂಚಿಗೆ ಬಂದು ಕೂತ. ಫೆಡೆರೆಸಿ ತಟ್ಟೆ ಮುಂದಿಟ್ಟಳು. ಅವನು ಮುಟ್ಟಲಿಲ್ಲ.

"ವಯಸ್ಸಾಯ್ತು ಮಾಮಾ ಕಿರಾಬೊ. ಕಾರು ಕೂತಿದೆಯೋ ನಿಂತಿದೆಯೋ ಅನ್ನೋದೂ ಕೈಗೆ ತಿಳೀತಿಲ್ಲ. ಇದೊಂದು ಮುಗಿಸಿ ಗುಂಡಿ ಮುಚ್ಚಿಸ್ತೀನಿ. ಹಲಗೆ ಹಾಕಿ ಅದರ ಮೇಲೆ ಟೈರ್ ಪೇರಿಸಿದ್ರಾಯ್ತು."

ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದದ್ದು ಅವಳಿಗೆ ಗೊತ್ತಾಗಲಿಲ್ಲ. "ಊಟ ಮಾಡಿ, ಆರೋಗತ್ತೆ," ಎಂದಳು, ಅಷ್ಟೇ. ಆವತ್ತು ಕುಲುಕಲಿಲ್ಲ ಅನ್ನುವುದನ್ನು ಹೇಳಲಿಲ್ಲ. ಹೇಳಿದರೆ ಅವನ ಕೈ ಅವನಿಗೆ ವಾಪಸು ಸಿಗುತ್ತದೆ. ಹೇಳಿದರೆ ಯಾಕೆ ಕುಲುಕಲಿಲ್ಲ ಅನ್ನುತ್ತಾನೆ. ಅದಕ್ಕೆ ಉತ್ತರ ಕೊಟ್ಟರೆ, ಬೆಂಚಿನ ಆ ತುದಿಯಲ್ಲಿ ಕೂತು ತಿನ್ನುತ್ತಿರುವ ನಾಲ್ಕು ಜನರ ಕೈ ತಟ್ಟೆಯಲ್ಲೇ ನಿಲ್ಲುತ್ತದೆ. ಅವಳು ಇನ್ನೊಂದು ಲೋಟ ನೀರು ಕುಡಿದಳು.

ಮಧ್ಯಾಹ್ನದ ಹೊತ್ತಿಗೆ ಹೊಸ ಬುಷ್ ಕೂತಿತು. ಕಾರು ಇಳಿಯಿತು.

"ಮಾಮಾ ಕಿರಾಬೊ. ಭಾರ," ಎಂದ ಮುತ್ಯಾಬ. ಈ ಸಲ ಕೂಗಲಿಲ್ಲ, ಗುಂಡಿಗೂ ಇಳಿದಿರಲಿಲ್ಲ. ಅವಳು ಒಳಗೆ ಕೂರುವವರೆಗೂ ಕಾದಿದ್ದು, ಬಗ್ಗಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿದ. ಒಮ್ಮೆ ತೆಗೆದು, ಪ್ಯಾಂಟಿಗೆ ಒರೆಸಿಕೊಂಡು, ಮತ್ತೆ ತೂರಿಸಿದ. ಅವನು ತನ್ನ ಬೆರಳುಗಳನ್ನೇ ಅನುಮಾನದಿಂದ ನೋಡಿಕೊಳ್ಳುವುದನ್ನು ಅವಳು ಕಿಟಕಿಯಿಂದ ನೋಡಿದಳು. ಅವನು ಗುಂಡಿಗೆ ಇಳಿದ.

"ಕುಲುಕಿದ್ಯಾ?"

ಅವಳು ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡಳು.

"ಮಾಮಾ ಕಿರಾಬೊ? ಕುಲುಕಿದ್ಯಾ?"

"ಇಲ್ಲ."

"ಹ್ಞೂಂ, ಕುಲುಕು ಮತ್ತೆ."

"ಆವತ್ತೂ ಕುಲುಕಿರ್ಲಿಲ್ಲ ಸೆಬೊ," ಎಂದಳು ಅವಳು, ಕಾಲ ಬಳಿಯ ರಬ್ಬರ್ ಚಾಪೆಗೆ. "ಸುಳ್ಳು ಹೇಳ್ದೆ. ಕಣ್ಣು ಕತ್ತಲೆ ಬಂದಿತ್ತು. ನಿಮ್ಮ ಕೈ ಸರಿಯಾಗೇ ಇದೆ. ಭಾರ ಕೆಟ್ಟಿದೆ."

ಕೆಳಗೆ ಪಾನಾ ಕಲ್ಲಿನ ಮೇಲೆ ಇಟ್ಟ ಸದ್ದಾಯಿತು.

"ಎಷ್ಟು ದಿನದಿಂದ?"

"ಗೊಮೆಸಿ ಉಡೋಕೆ ಶುರು ಮಾಡಿದಾಗಿಂದ."

"ಯಾರಿಗಾದ್ರೂ ತೋರಿಸಿದ್ಯಾ?"

"ತೋರಿಸಿ? ನನ್ನ ಗಂಡನ್ನ ತೋರಿಸಿದ್ವಲ್ಲ. ಆಮೇಲೆ ನಮ್ಮನೇಲಿ ಒಂದು ಲೋಟ ನೀರನ್ನೂ ಯಾರೂ ಕುಡೀಲಿಲ್ಲ."

ಪಕ್ಕದ ಅಂಗಡಿಯ ವೆಲ್ಡಿಂಗ್ ಚರಚರ ಎನ್ನುತ್ತಿತ್ತು. ಆಮೇಲೆ ಮುತ್ಯಾಬ, "ನಾನು ಕುಡೀಲಿಲ್ವಾ? ಇಷ್ಟು ವರ್ಷ ನಿನ್ನ ಕೈ ಕಟೋಗೊ ತಿಂದ್ಕೊಂಡೇ ಬದುಕಿರೋದು ನಾನು," ಎಂದ. ಧ್ವನಿ ಬದಲಿಸಿ, "ಏಯ್ ಸೆರುಂಜೋಗಿ! ಹೊರಗೆ ನಿಂತು ಹಲ್ಲಿಗೆ ಕಡ್ಡಿ ಹಾಕ್ತಾ ಇದ್ದೀಯಲ್ಲ, ಬಾ, ಒಳಗೆ ಕೂತು ಕುಲುಕು. ನಿಂದೇ ಕಾರು!"

ಸೆರುಂಜೋಗಿ ಅವಳ ಪಕ್ಕ ಬಂದು ಕೂತು ಕುಲುಕಿದ. ಕಾರು ಇಳಿದು ಕೂತಿತು. ಪಾನಾ ತಿರುಗಿತು.

ಮುತ್ಯಾಬ ಮೇಲೆ ಬಂದು ಕೈ ಒರೆಸಿಕೊಂಡು, ಟೈರ್ ಅಂಗಡಿಯವಳ ಹತ್ತಿರ ಹೋಗಿ ಏನೋ ಹೇಳಿ ಬಂದು, ಮುಂದಿನ ಸೀಟಿಗೆ ಹತ್ತಿದ. "ನಡಿ ಸೆರುಂಜೋಗಿ, ಓಡಿಸಿ ನೋಡೋಣ. ಮಾಮಾ ಇಳೀಬೇಡ, ಹಿಂದೆ ಭಾರ ಬೇಕು. ಒಲೆ ನೋಡ್ಕೊಳ್ಳೋಕೆ ಟೈರ್ ಅಂಗಡಿಯವಳಿಗೆ ಹೇಳಿದ್ದೀನಿ."

ಹೊಂಡ ಬಿದ್ದ ಕೆಂಪು ರಸ್ತೆಯಲ್ಲಿ ಕಾರು ಹೋಯಿತು. ಟಕ್ ಎನ್ನಲಿಲ್ಲ. "ಎಡಕ್ಕೆ," ಎಂದ ಮುತ್ಯಾಬ. "ಇನ್ನೂ ಮುಂದೆ." ಆರೋಗ್ಯ ಕೇಂದ್ರದ ಗೇಟಿನ ಮುಂದೆ, "ಇಲ್ಲಿ ಬ್ರೇಕ್ ಹಾಕು, ಎಳೆಯುತ್ತಾ ನೋಡೋಣ," ಎಂದ. ಕಾರು ನೇರ ನಿಂತಿತು.

ಫೆಡೆರೆಸಿಗೆ ಅರ್ಥವಾಯಿತು. ಸಿಟ್ಟು ಬರಬೇಕಿತ್ತು, ಅದಕ್ಕೂ ಶಕ್ತಿ ಇರಲಿಲ್ಲ. "ನೀವಿಬ್ಬರೂ ಇಳಿದು ಆ ಕಡೆ ತಿರುಗಿ ನಿಂತ್ಕೊಳ್ಳಿ," ಎಂದಳು. ಗಂಡಸರು ಇಳಿದು ರಸ್ತೆಯ ಕಡೆ ಮುಖ ಮಾಡಿ ನಿಂತರು. ಗೊಮೆಸಿಯ ಪಟ್ಟಿ ಸಡಿಲಿಸಿ, ಕೆಳಗಿನ ಕಿಕೋಯಿಗಳನ್ನು ಒಂದೊಂದಾಗಿ ಬಿಚ್ಚಿದಳು. ಬೆವರಿಗೆ ಒದ್ದೆಯಾಗಿದ್ದ ಅವನ್ನು ಮಡಿಸಿ ಸೀಟಿನ ಮೇಲೆ ಪೇರಿಸಿದಳು. ಪಟ್ಟಿ ಮತ್ತೆ ಬಿಗಿದಾಗ ಗೊಮೆಸಿ ಕೋಲಿಗೆ ಹಾಕಿದ ಅಂಗಿಯ ಹಾಗೆ ಜೋತುಬಿತ್ತು. ಇಳಿದಳು. ತಿರುಗಿ ನೋಡಿದ ಸೆರುಂಜೋಗಿಯ ದೊಡ್ಡ ಬಾಯಿಯಲ್ಲಿ ಒಂದೇ ಮಾತು ಬಂತು: "ಬಾಂಬಿ." ಅಯ್ಯೋ ಪಾಪ ಅನ್ನುವುದಕ್ಕೆ ಅಲ್ಲಿ ಆ ಮಾತು. ಅದನ್ನೇ ಕೇಳಬಾರದೆಂದು ಅವಳು ಇಷ್ಟು ದಿನ ಬೆವರಿದ್ದು.

ಸರತಿಯಲ್ಲಿ ಬೆಂಚಿನಿಂದ ಬೆಂಚಿಗೆ ಸರಿದು ಸರಿದು, ಒಳಗೆ ಹೋದಾಗ ನರ್ಸ್ ರಕ್ತ ತೆಗೆದುಕೊಳ್ಳುವ ಮೊದಲೇ ಕೇಳಿದಳು: "ಬಾಯಾರಿಕೆ ಜಾಸ್ತಿನಾ ನ್ಯಾಬೊ? ರಾತ್ರಿ ಪದೇಪದೇ ಏಳ್ತೀರಾ? ಪಾದ ಜುಮುಜುಮು ಅನ್ನತ್ತಾ?" ಫೆಡೆರೆಸಿ ಎಲ್ಲಕ್ಕೂ ಹೂಂ ಎಂದಳು. ಗಂಡನಿಗೆ ಇವು ಯಾವುವೂ ಇರಲಿಲ್ಲ ಅನ್ನುವುದು ಅವಳಿಗೆ ಆಗ ಹೊಳೆಯಿತು. ಗಂಡನ ಕಾಯಿಲೆಗೂ ಸಕ್ಕರೆಗೂ ಎರಡೂ ಪರೀಕ್ಷೆ ಮಾಡಿದರು. ಅವಳು ಹೆದರಿದ್ದು ಅಲ್ಲ, ಸಕ್ಕರೆ ಕಾಯಿಲೆ. ಇದೂ ಸಣ್ಣದಲ್ಲ, ಇಷ್ಟು ದಿನ ಬಿಟ್ಟಿದ್ದೇ ತಪ್ಪು, ಮಾತ್ರೆ ಬಿಡುವಂತಿಲ್ಲ, ಚಹಾಕ್ಕೆ ಸಕ್ಕರೆ ಇಲ್ಲ, ಮುಂದಿನ ವಾರ ಮತ್ತೆ ಬರಬೇಕು ಎಂದು ನರ್ಸ್ ಒಂದೇ ಉಸಿರಿಗೆ ಹೇಳಿದಳು. ಫೆಡೆರೆಸಿಗೆ ನಗು ಬಂತೋ ಅಳು ಬಂತೋ, ಯಾವುದೂ ಪೂರ್ತಿ ಬರಲಿಲ್ಲ.

ಮರುದಿನ ಅವಳು ಹಳೆಯ ಫ್ರಾಕು ಹಾಕಿ ಒಲೆ ಹಚ್ಚಿದಳು. ತೋಳು ಕಾಣುತ್ತಿತ್ತು, ಕತ್ತಿನ ಮೂಳೆ ಕಾಣುತ್ತಿತ್ತು. ಮರದ ಅಡ್ಡೆಯವರು ದೂರದಿಂದ ನೋಡಿ, ಏನೋ ನೆನಪಾದವರಂತೆ ಪಕ್ಕದ ಒಲೆಗೆ ತಿರುಗಿದರು. ಅವಳು ಕರೆಯಲಿಲ್ಲ. ಹೋಗಿ ಹೋಗಿ ಯಾರಿಗೆ ಅಂತ ವಿವರಿಸುವುದು, ಸಕ್ಕರೆ ಸಕ್ಕರೆ ಅಂತ?

ಸೆರುಂಜೋಗಿ ಬಂದ. ತಟ್ಟೆ ಚಾಚಿದ. ತಿಂದ. "ಉಪ್ಪು ಕಮ್ಮಿ," ಎಂದ, ಅರ್ಧ ಓಣಿಗೆ ಕೇಳುವಂತೆ. "ನಿನ್ನ ಸಕ್ಕರೆ ಕಾಯಿಲೆಗೆ ನನ್ನ ಉಪ್ಪು ಯಾಕೆ ಕಮ್ಮಿ ಮಾಡ್ತೀಯ ಮಾಮಾ?" ಪಕ್ಕದ ಒಲೆಯ ಮುಂದಿನ ಒಂದಿಬ್ಬರು ತಿರುಗಿ ನೋಡಿದರು. ಎದ್ದು ಬರಲಿಲ್ಲ. ಪಾತ್ರೆಯಲ್ಲಿ ಅರ್ಧ ಉಳಿಯಿತು.

ಒಂದು ಕಾರು ಜಾಕಿನಿಂದ ಇಳಿದ ಸದ್ದಾಯಿತು. ಅವಳ ಕೈ ತಾನಾಗಿ ಸೌಟಿಗೆ ಹೋಗಿ, ಅಲ್ಲೇ ನಿಂತಿತು. ಕೂಗು ಬರಲಿಕ್ಕಿಲ್ಲ.

"ಮಾಮಾ ಕಿರಾಬೊ! ಭಾರ!"

ಹೋಗಿ ಬಾಗಿಲು ತೆಗೆದಳು. ಹಿಂದಿನ ಸೀಟಿನಲ್ಲಿ ಗೋಣಿ ಹಾಸಿ, ಅದರ ಮೇಲೆ ಹಳೆಯದೊಂದು ಗೇರ್‌ಬಾಕ್ಸ್ ಕೂರಿಸಿತ್ತು. ಪಕ್ಕದಲ್ಲಿ ಅವಳಿಗೆ ಜಾಗ. ಕೂತಳು.

"ಪಕ್ಕದಲ್ಲಿ ಯಾರೋ ಇದ್ದಾರಲ್ಲ ಸೆಬೊ," ಎಂದಳು.

"ನೀನು ಹೇಳಿದ ಗಂಡು. ಜಾಸ್ತಿ ತಿನ್ನಲ್ಲ." ಕೆಳಗೆ ಪಾನಾ ಬೋಲ್ಟಿಗೆ ಕೂತ ಸದ್ದು. "ಕುಲುಕಿದ್ಯಾ?"

"ಇನ್ನೂ ಇಲ್ಲ. ತಡೀರಿ, ಒಂಚೂರು ಉಸಿರು ತಗೋತೀನಿ."

"ತಗೋ," ಎಂದ ಮುತ್ಯಾಬ.

ಅವಳು ಸೀಟಿಗೆ ಒರಗಿದಳು. ಕೆಳಗೆ ಪಾನಾ ತಿರುಗದೆ ಕಾದಿತ್ತು.